ಕಿಟಕಿಯಲ್ಲಿಟ್ಟ ಡಬ್ಬಿ

ಶರಣ್ಯಾಳಿಗೆ ಹಾಲು ಸಾಲುತ್ತಿಲ್ಲ ಎಂಬ ಸುದ್ದಿ ಭದ್ರಾವತಿಯ ನ್ಯೂ ಟೌನ್‌ನಲ್ಲಿ ಶರಣ್ಯಾಳಿಗಿಂತ ಮೊದಲೇ ಎಲ್ಲರಿಗೂ ಗೊತ್ತಾಗಿತ್ತು. ಬಾಣಂತನಕ್ಕೆ ತವರಿಗೆ ಬಂದಿದ್ದ ಅವಳು, ಮಗು ಕುಡಿದು ನಿದ್ದೆ ಹೋಗುವುದನ್ನು ಕಂಡು ಎಲ್ಲ ಸರಿಯಿದೆ ಎಂದೇ ತಿಳಿದಿದ್ದಳು. ಪಾಪ, ಅವಳಿಗೇನು ಗೊತ್ತು!

ಅವತ್ತು ಬೆಳಿಗ್ಗೆ ಏಳಕ್ಕೇ ಪಕ್ಕದ ಮನೆಯ ಬಸವರಾಜೇಶ್ವರಿ ಸಬ್ಬಸಿಗೆ ಸೊಪ್ಪಿನ ಪಲ್ಯ ಹಿಡಿದು ಬಂದರು. "ತಿನ್ನು ಮಾರಾಯ್ತಿ. ನನ್ನ ಮೂರೂ ಮಕ್ಳು ಇದರಲ್ಲೇ ಬೆಳೆದಿದ್ದು."

"ಆಂಟಿ, ನಿನ್ನೆ ತಂದಿದ್ದೇ ಇನ್ನೂ ಇದೆ."

"ಅದು ನಿನ್ನೇದು. ಹಾಲು ಬರ್ಬೇಕಾಗಿರೋದು ಇವತ್ತು."

ಅದು ಗಂಟಲಿಳಿಯುವ ಮೊದಲೇ ಹಿಂದಿನ ಬೀದಿಯ ಪುಷ್ಪಾ ಬೆಳ್ಳುಳ್ಳಿ ಬೇಯಿಸಿದ ಹಾಲು ತಂದು, ಲೋಟ ಖಾಲಿಯಾಗುವವರೆಗೂ ಪರೀಕ್ಷೆಯ ಮೇಷ್ಟ್ರಂತೆ ಎದುರಿಗೇ ಕೂತಳು. ಅಷ್ಟರಲ್ಲಿ ಕಾಂಪೌಂಡಿನಾಚೆಯಿಂದ ರಿಟೈರ್ಡ್ ಫೋರ್‌ಮನ್ ಸಿದ್ದಯ್ಯನವರ ದನಿ: "ಹಗ್ಗದ ಮೇಲೆ ಬರೀ ಐದು ಲಂಗೋಟಿ ಕಾಣ್ತಿದಾವಲ್ಲಮ್ಮ! ಹಸುಗೂಸಂದ್ರೆ ಹತ್ತಾದ್ರೂ ಒದ್ದೆ ಆಗ್ಬೇಡ್ವಾ?"

ಶರಣ್ಯಾ ಎದ್ದು ನೋಡಿದಳು. ಐದೇ. ನಿದ್ದೆಗಣ್ಣಲ್ಲಿ ಎಷ್ಟು ಬದಲಿಸಿದ್ದಳೋ ಅವಳಿಗೆ ನೆನಪಿರಲಿಲ್ಲ. ಅಳುವೇ ಬಂತು. ಅಮ್ಮ ಉಮಾಮಹೇಶ್ವರಿ ಮಾತ್ರ ತಲೆ ತಗ್ಗಿಸಿ ಒಗ್ಗರಣೆ ಹಾಕುತ್ತಿದ್ದರು.

ಸಂಜೆ ಶಿವಮೊಗ್ಗದ ಕೋಟೆ ಬೀದಿಯಿಂದ ಅತ್ತೆ ವೇದಾವತಿ ಬರುವವರಿದ್ದರು. ಸುದ್ದಿ ಅಲ್ಲಿಗೂ ಮುಟ್ಟಿತ್ತು. "ಪೌಡರ್ ಹಾಲಿನ ಡಬ್ಬಿ ತರ್ತಿದೀನಿ ಕಣಮ್ಮ, ಇವತ್ತಿಂದ್ಲೇ ಬಾಟ್ಲಿ ಶುರು ಮಾಡೋಣ" ಎಂದು ಫೋನಿನಲ್ಲಿ ಹೇಳಿಯಾಗಿತ್ತು. ಮೊದಲ ಹತ್ತು ದಿನ ಹಲ್ಲು ಕಚ್ಚಿ ನೋವು ತಡೆದುಕೊಂಡು ಹಾಲುಣಿಸಿದ್ದು ಈ ಡಬ್ಬಿಗೋಸ್ಕರವಾ ಎಂದು ಶರಣ್ಯಾಳಿಗೆ ಸಂಕಟವಾಯಿತು.

ಮಧ್ಯಾಹ್ನ ಅಪ್ಪನ ಜೊತೆ ಮಗುವನ್ನು ಚುಚ್ಚುಮದ್ದಿಗೆ ಕರೆದೊಯ್ದಳು. ಹೆಂಗಸರ ವಿಷಯ ಎಂದು ಅಪ್ಪ ಹೊರಗೇ ಪೇಪರ್ ಬಿಡಿಸಿ ಕೂತರು. ಒಳಗೆ ಡಾಕ್ಟರಮ್ಮ ಮಗುವನ್ನು ತೂಕಕ್ಕಿಟ್ಟರು.

"ನಾಲ್ಕೂಕಾಲು ಕೆಜಿ! ಒಂದೂವರೆ ತಿಂಗಳಲ್ಲಿ ಒಂದೂವರೆ ಕೆಜಿ ಏರಿದಾನೆ. ಹಾಲು ಸಾಲಲ್ಲ ಅಂದೋರ್ಯಾರು?"

"ಇಡೀ ನ್ಯೂ ಟೌನು, ಮೇಡಂ."

ಡಾಕ್ಟರಮ್ಮ ನಗುತ್ತಾ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟರು: 'ತಾಯಿಯ ಹಾಲು ಧಾರಾಳವಾಗಿದೆ. ಬೇರೇನೂ ಬೇಡ.'

ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದ ಶರಣ್ಯಾ, ಮಗುವಿಗೆ ಬಟ್ಟೆ ಹುಡುಕುತ್ತಾ ಸ್ಟೋರ್ ರೂಮಿನ ಬಾಗಿಲು ತೆಗೆದಳು. ಅಲ್ಲೊಂದು ಹಗ್ಗ. ಹಗ್ಗದ ಮೇಲೆ ಒಂಬತ್ತು ಲಂಗೋಟಿ.

"ಅಮ್ಮಾ! ಇಲ್ಯಾಕೆ ಒಣಹಾಕಿದೀಯ?"

ಉಮಾಮಹೇಶ್ವರಿ ಮಗಳ ಕೈಲಿದ್ದ ಚೀಟಿ ತೆಗೆದುಕೊಂಡು ಓದಿದರು. ಮುಖ ಬಿಳಿಚಿಕೊಂಡಿತು. "ಇದನ್ನ ಯಾರಿಗಾದ್ರೂ ತೋರಿಸ್ದ್ಯಾ?"

"ಇಲ್ಲ. ಹಾಗಾದ್ರೆ ಹಾಲು ಸಾಲಲ್ಲ ಅಂತ ಊರಿಗೆಲ್ಲ ಹೇಳಿದ್ದು ನೀನಾ?"

"ಮತ್ತೆ? ಮಗು ಹೊಟ್ಟೆ ತುಂಬ ಕುಡಿಯುತ್ತೆ ಅಂತ ಡಂಗುರ ಹೊಡಿಸ್ಲಾ? ದೃಷ್ಟಿ ತಾಗಿದ್ರೆ ಏನ್ ಗತಿ? ಲಂಗೋಟಿ ಎಣಿಸೋ ಜನ ಕಣೇ ಇಲ್ಲಿರೋದು!"

ಶರಣ್ಯಾಳಿಗೆ ಮೈಯೆಲ್ಲ ಉರಿಯಿತು. ನಲವತ್ತು ದಿನದ ಬೆಳ್ಳುಳ್ಳಿ ಒಟ್ಟಿಗೇ ನೆನಪಾಯಿತು. ಅಷ್ಟರಲ್ಲಿ ವೇದಾವತಿ ಡಬ್ಬಿ ಸಮೇತ ಬಂದೇಬಿಟ್ಟರು. ಅವರು ಚಪ್ಪಲಿ ಬಿಡುವ ಮೊದಲೇ ಅಮ್ಮನ ಕೈಯಿಂದ ಚೀಟಿ ಕಿತ್ತು ಕೊಟ್ಟಳು. "ಅತ್ತೆ, ಓದಿ. ಡಬ್ಬಿ ಬೇಡ."

ವೇದಾವತಿ ಕನ್ನಡಕ ಏರಿಸಿ ಎರಡು ಸಲ ಓದಿದರು. "ಜೀವ ಬಂದಂಗಾಯ್ತು ಕಣಮ್ಮ" ಎಂದು ಸೊಸೆಯ ತಲೆ ಸವರಿದರು. ಸದ್ಯ, ಒಬ್ಬರಿಗಾದರೂ ಬುದ್ಧಿಯಿದೆ ಎಂದು ಶರಣ್ಯಾ ನಿಟ್ಟುಸಿರು ಬಿಟ್ಟಳು.

ಆಗ ಗೇಟು ಕಿರುಗುಟ್ಟಿತು. ಬಸವರಾಜೇಶ್ವರಿ. "ಏನಂದ್ರು ಡಾಕ್ಟ್ರು?"

ಶರಣ್ಯಾ ಬಾಯಿ ತೆರೆದಳು. ಅಷ್ಟರಲ್ಲಿ ವೇದಾವತಿ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಾಗಿತ್ತು.

"ಏನ್ ಹೇಳ್ಲಿ ನಿಮ್ಗೆ, ಒಂದು ತೊಟ್ಟೂ ಇಲ್ವಂತೆ!" ಎಂದು ಕಣ್ಣೊರೆಸಿಕೊಂಡು, ಬೀಗಿತ್ತಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಡಬ್ಬಿನ ರಸ್ತೆ ಕಡೆ ಕಿಟಕೀಲಿಡಿ. ಎಲ್ರಿಗೂ ಕಾಣ್ಲಿ. ಬಿಚ್ಚೋದೇನೂ ಬೇಡ."

ಮದುವೆಯಾದಾಗಿನಿಂದ ಬೀಗಿತ್ತಿಯರಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಹತ್ತೇ ನಿಮಿಷದಲ್ಲಿ ಬಸವರಾಜೇಶ್ವರಿ ದೊಡ್ಡ ಪಾತ್ರೆಯೊಂದಿಗೆ ಹಾಜರಾದರು, ಹಿಂದೆಯೇ ಪುಷ್ಪಾ. "ಇನ್ಮೇಲೆ ಮೂರು ಹೊತ್ತೂ ತಿನ್ಬೇಕು, ತಿಳೀತಾ?"

ಶರಣ್ಯಾಳ ಹೆಗಲ ಮೇಲೆ ಆಗಷ್ಟೇ ಹೊಟ್ಟೆ ತುಂಬ ಕುಡಿದಿದ್ದ ಮಗು ಇಡೀ ಮನೆಗೆ ಕೇಳುವಂತೆ ತೇಗಿತು.

"ಅಯ್ಯೋ ಪಾಪ" ಎಂದರು ಅಜ್ಜಿಯರಿಬ್ಬರೂ ಒಟ್ಟಿಗೇ, "ಹಸಿವಿಗೆ ಹೆಂಗೆ ನರಳ್ತಿದೆ ನೋಡಿ!"

ಶರಣ್ಯಾ ಪಲ್ಯಕ್ಕೆ ಕೈ ಹಾಕಿದಳು.