ನೆಟ್ಟಗೆ ಮಾತಾಡಿದ ಹೆಂಡತಿ

ವ್ಯಂಗ್ಯವನ್ನು ಕಲಿಸುವವನಿಗೆ ವ್ಯಂಗ್ಯ ತಿಳಿಯಬೇಕೆಂಬ ನಿಯಮವೇನೂ ಇಲ್ಲ. ಈಜು ಬಾರದವರು ಬಾವಿಯ ದಂಡೆಯ ಮೇಲೆ ನಿಂತು ‘ಕೈ ಬೀಸು, ಕಾಲು ಬಡಿ’ ಎಂದು ಕೂಗುವುದನ್ನು ನೀವೂ ನೋಡಿರುತ್ತೀರಿ. ಕೊಟ್ಟೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು ಆ ಪೈಕಿ. ‘ಮಾತು ಒಂದು ಕಡೆ, ಕಣ್ಣೆದುರಿನ ಸಂಗತಿ ಇನ್ನೊಂದು ಕಡೆ ಮುಖ ಮಾಡಿ ನಿಂತಿದ್ದರೆ ಅಲ್ಲಿ ವ್ಯಂಗ್ಯವಿದೆ ಎಂದು ತಿಳಿಯಿರಿ, ಹೊಗಳಿಕೆ ಅಳತೆ ಮೀರಿದರೆ ಅನುಮಾನಪಡಿ’ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಈ ವರ್ಷ ಉದಾಹರಣೆ ಕೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ನಮ್ಮ ಪುಣ್ಯಾ ರೀ ಸರ್, ಬೆಲ್ ಹೊಡದ ಮ್ಯಾಲೂ ನೀವು ಪಾಠ ಬಿಡಂಗಿಲ್ಲ” ಎಂದಳು. “ಇರಲಿ ಕುಂದ್ರವ್ವ, ಅದು ನನ್ನ ಕರ್ತವ್ಯ” ಎಂದೆ. ತರಗತಿ ಯಾಕೆ ಹಾಗೆ ನಕ್ಕಿತೆಂಬುದು ನನಗೆ ಹೊಳೆದದ್ದು ಸಂಜೆ ಬಸ್‌ಸ್ಟ್ಯಾಂಡ್ ದಾಟುವಾಗ.

ಇಂಥ ನನಗೆ ಗಂಟು ಬಿದ್ದವಳು ಹೊಳಲಿನ ಗಿರಿಜೆ. ಅವರ ಮನೆಯಲ್ಲಿ ಮಾತನ್ನು ಅಂಗಿಯಂತೆ ತಿರುವಿ ಹಾಕಿಕೊಳ್ಳುವುದೇ ವಾಡಿಕೆ. ಮದುವೆಯಾದ ಹೊಸತರಲ್ಲಿ ನಾನು ಹೋಳಿಗೆಗೆ ಕೈ ಹಚ್ಚಿದ ವೇಗವನ್ನು ನೋಡಿ ನಮ್ಮ ಮಾವನವರು, “ಅಳಿಯಂದ್ರು ಭಾಳ ನಾಚಿಕಿ ಸ್ವಭಾವದವ್ರು, ಹೊಟ್ಟಿ ತುಂಬ ಉಣ್ಣವಲ್ರು” ಎಂದಿದ್ದರು. ಹಿರಿಯರ ಮನಸ್ಸು ನೋಯಿಸಬಾರದೆಂದು ನಾನು ಇನ್ನೆರಡು ಹಾಕಿಸಿಕೊಂಡೆ. ಮಗಳು ಅಪ್ಪನಿಗೆ ತಕ್ಕವಳು. ಸಂತೆಯಿಂದ ಕೊತ್ತಂಬರಿ ಮರೆತು ಬಂದರೆ, “ಕೊತ್ತಂಬ್ರಿ ಯಾಕ ಬೇಕು ಬಿಡ್ರಿ? ನಿಮ್ಮ ಮಾರಿ ತೋರಿಸಿದ್ರ ಸಾಕು, ಸಾರು ಘಮ್ ಅಂತೈತಿ” ಎನ್ನುತ್ತಿದ್ದಳು. ನಾನು ಒಳಗೊಳಗೇ ಹಿಗ್ಗಿ, ಹೋಗಿ ಕನ್ನಡಿ ನೋಡಿಕೊಳ್ಳುತ್ತಿದ್ದೆ. ಸಂಸಾರ ಹೀಗೆ ಅವಳು ಹೇಳದ್ದನ್ನು ನಾನು ಕೇಳಿಸಿಕೊಳ್ಳುತ್ತ ಸುಖವಾಗಿಯೇ ನಡೆದಿತ್ತು.

ಈಚೆಗೆ ಅವಳ ಪಿತ್ತಕೋಶದಲ್ಲಿ ಕಲ್ಲು ಕಂಡವು. ದಾವಣಗೆರೆಗೆ ಹೋಗಿ ಆಪರೇಷನ್ ಮಾಡಿಸಬೇಕಾಯಿತು. ಚಿಂತೆ ಮಾಡುವುದರಲ್ಲಿ ನನ್ನದು ಪಳಗಿದ ಕೈ. ಮಳೆ ಬಂದರೆ ಕೊಡೆಯ ಚಿಂತೆ, ಬರದಿದ್ದರೆ ಕೊಡೆ ತುಕ್ಕು ಹಿಡಿಯುವ ಚಿಂತೆ. ಡಾಕ್ಟರು ‘ಸಣ್ಣ ಆಪರೇಷನ್’ ಎಂದಾಗ, ದೊಡ್ಡದಾಗಿದ್ದರೆ ಇನ್ನೂ ಹೆಚ್ಚು ಕಾಳಜಿಯಿಂದ ಮಾಡುತ್ತಿದ್ದರಲ್ಲ ಎಂದು ಚಿಂತೆಯಾಯಿತು. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅವಳನ್ನು ಮಲಗಿಸಿದ್ದ ಗಾಡಿ ನಿಂತಾಗ ಗಿರಿಜೆ ನನ್ನ ಮುಖ ನೋಡಿ, “ಇನ್ನ ಆರಾಮ ಇರ್ರಿ. ನಾ ಇಲ್ಲಂದ್ರ ನಿಮ್ಗ ಭಾಳ ಚಲೋ ಆಗತೈತಿ” ಎಂದಳು. ಅವಳಿಗೆ ಧೈರ್ಯ ತುಂಬುವುದು ನನ್ನ ಕೆಲಸವಲ್ಲವೇ? “ಹ್ಞೂ, ಆಯ್ತು. ನೀ ಅದರ ಚಿಂತಿ ಮಾಡಬ್ಯಾಡ” ಎಂದೆ. ಗಾಡಿ ಒಳಗೆ ಹೋಯಿತು.

ಆಪರೇಷನ್ ಸಸೂತ್ರವಾಗಿ ಆಯಿತು. ಕೊಟ್ಟೂರಿಗೆ ಕರೆತಂದು ಮಲಗಿಸಿ, ಅಡುಗೆಮನೆಯ ಅಧಿಕಾರ ವಹಿಸಿಕೊಂಡೆ. ನಮ್ಮ ಕಡೆ ಮಂಡಕ್ಕಿ ಒಗ್ಗರಣೆ ಮಾಡಲಾರದವನನ್ನು ಮನುಷ್ಯನೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಂಡಕ್ಕಿಯನ್ನು ನೀರಿಗೆ ಹಾಕಿ, ಹಾಕಿದ ಕೈಯಲ್ಲೇ ಹಿಂಡಿ ತೆಗೆಯಬೇಕು, ಅಷ್ಟೇ. ನಾನು ನೀರಿಗೆ ಹಾಕಿದಾಗ ಫೋನ್ ಬಂತು. ಮಾತು ಮುಗಿಸಿ ಬರುವಷ್ಟರಲ್ಲಿ ಅದು ಗೋಡೆಗೆ ಪೋಸ್ಟರ್ ಅಂಟಿಸುವ ಹದಕ್ಕೆ ಬಂದಿತ್ತು. ಎಣ್ಣೆ ಕಡಿಮೆ ಮಾಡಿ, ಅರಿಶಿನ ಜಾಸ್ತಿ ಮಾಡಿ, ತಟ್ಟೆಗೆ ಹಾಕಿಕೊಟ್ಟೆ. ಗಿರಿಜೆ ಒಂದು ತುತ್ತು ತಿಂದು, “ಭಾಳ ಚಲೋ ಆಗೈತ್ರಿ” ಎಂದಳು.

ಆಗ ನೋಡಿ, ಜೀವಮಾನದಲ್ಲಿ ಮೊದಲ ಸಲ ನನ್ನ ತಲೆಯಲ್ಲಿ ದೀಪ ಹತ್ತಿತು. ಮಾತು ಒಂದು ಕಡೆ, ಮುದ್ದೆಯಾದ ಮಂಡಕ್ಕಿ ಇನ್ನೊಂದು ಕಡೆ! ಹೊಗಳಿಕೆ ಅಳತೆ ಮೀರಿದೆ! ಬೋರ್ಡಿನ ಮೇಲೆ ಬರೆದದ್ದೆಲ್ಲ ತಟ್ಟೆಯಲ್ಲಿ ಕಂಡಿತು. “ತಿಳೀತು ಬಿಡು. ನಾಳಿಂದ ಹೋಟ್ಲಿಂದ ತರಸ್ತೀನಿ” ಎಂದೆ, ಗೆದ್ದವನ ದನಿಯಲ್ಲಿ. ಅವಳು ತಟ್ಟೆ ಖಾಲಿ ಮಾಡಿ ಗೋಡೆಯ ಕಡೆ ಹೊರಳಿ ಮಲಗಿದಳು.

ಆದರೆ ಮರುದಿನವೂ ಹಾಗೆಯೇ. “ನೀವು ಮನಿಗೆ ಬಂದ್ರ ಜೀವಕ್ಕ ಸಮಾಧಾನ ರೀ” ಎಂದಳು. ಅವಳ ಮುಖದಲ್ಲಿ ನಗುವಿನ ಎಳೆಯೂ ಇಲ್ಲ. ಮಾತ್ರೆ ಕೊಟ್ಟರೆ, “ಎಷ್ಟ್ ಮಾಡ್ತೀರಿ ಪಾಪ” ಎಂದಳು. ಇಷ್ಟು ವರ್ಷದಲ್ಲಿ ಅವಳು ಹೀಗೆ ಮಾತಾಡಿದ್ದೇ ಇಲ್ಲ. ಮತ್ತಿನ ಮದ್ದು ತಲೆಗೆ ಏರಿರಬಹುದೇ? ಕಲ್ಲಿನ ಜೊತೆ ಬೇರೆ ಏನನ್ನಾದರೂ ತೆಗೆದುಬಿಟ್ಟರೇ? ನಮ್ಮ ಓಣಿಯ ಡಾಕ್ಟರ ಹತ್ತಿರ ಓಡಿದೆ. “ಜ್ವರ ಐತೇನು?” ಎಂದರು. ಇಲ್ಲ. “ನೋವು?” ಇಲ್ಲ. “ಮತ್ತೇನು ತ್ರಾಸು?” “ಭಾಳ ಒಳ್ಳೇ ಮಾತಾಡಾಕ ಹತ್ಯಾಳ್ರಿ” ಎಂದೆ. ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಮಾಸ್ತರ, ಹೊರಗ ಕುಂತ ಗಂಡಸ್ರಿಗೆ ಇದನ್ನ ಹೇಳಬ್ಯಾಡ್ರಿ. ಎಲ್ಲಾರೂ ಆ ಆಪರೇಷನ್ನ ಬರಕೊಡ್ರಿ ಅಂತಾರ.”

ಕೊನೆಗೆ ಹೊಳಲಿನಿಂದ ಮಾವನವರನ್ನು ಕರೆಸಿದೆ. ಅವರು ಮಗಳ ಪಕ್ಕ ಕೂತು, “ಹೆಂಗ ಅದಿ ಅವ್ವಾ?” ಎಂದರು. “ಆರಾಮ ಅದೀನಪ್ಪಾ. ಇವ್ರು ಭಾಳ ಚಂದ ನೋಡ್ಕೊಳ್ಳಾಕ ಹತ್ಯಾರ” ಎಂದಳು. ಮಾವನವರು ನಿಧಾನವಾಗಿ ಎದ್ದು ಪಡಸಾಲೆಗೆ ಬಂದರು. ಮುಖ ಬಿಳಿಚಿತ್ತು. “ಅಳಿಯಂದ್ರ, ಇದು ನಮ್ಮ ಹುಡುಗಿ ಮಾತಲ್ರಿ. ಏನಾತು ಅಂತ ನೀವ ಕೇಳ್ರಿ” ಎಂದರು.

ಕೇಳಿದೆ. ಕಾಲ ಹತ್ತಿರ ಕೂತು, “ಗಿರಿಜಾ, ನಿನಗೇನಾಗೇತಿ ಖರೇ ಹೇಳು” ಎಂದೆ.

“ನನಗೇನಾಗೇತಿ? ಆವತ್ತು ಬಾಗಿಲದಾಗ ನಾ ಇಲ್ಲಂದ್ರ ಚಲೋ ಆಗತೈತಿ ಅಂದೆ. ನೀವು ಹ್ಞೂ ಅಂದ್ರಿ. ಒಳಗ ಮಕ್ಕೊಂಡ ಮ್ಯಾಲ ಜೀವ ಚುರ್ ಅಂತು. ಈ ಮನಿಶ್ಯಾ ಎಲ್ಲಾ ನೆಟ್ಟಗ ತಿಳ್ಕೊಳ್ಳಾವ. ನಾ ಹೊರಗ ಬರ್ಲಿಲ್ಲಂದ್ರ ಅದ ಮಾತು ಹಿಡ್ಕೊಂಡು ಕುಂದರ್ತಾನ ಅಂತ. ಉಳದು ಬಂದ್ರ ಇವ್ರ ಕೂಡ ನೆಟ್ಟಗ ಮಾತಾಡಬೇಕು ಅನ್ಕೊಂಡೆ. ಮಾತಾಡಿದ್ರ, ನೀವು ಡಾಕ್ಟ್ರ ಹತ್ರ ಓಡಿದ್ರಿ!”

“ಹಂಗಾರ ಆ ಮಂಡಕ್ಕಿ?” ಎಂದೆ.

“ಮುದ್ದಿ ಆಗಿತ್ತು. ಆದ್ರೂ ನೀವು ಮಾಡಿದ್ದು ಅಂತ ಚಲೋ ಇತ್ತು.”

ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದ ನನಗೆ, ವ್ಯಂಗ್ಯವಿಲ್ಲದ ಮಾತನ್ನು ಗುರುತಿಸುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. “ಹಳೇ ಹಂಗ ಮಾತಾಡು ಮಾರಾಯ್ತಿ” ಎಂದೆ.

“ಹಳೇದು ತಿಳೀತಿತ್ತೇನು ನಿಮ್ಗ?”

“ತಿಳೀತಿರ್ಲಿಲ್ಲ. ಆದ್ರ ನೀ ಆರಾಮ ಅದಿ ಅಂತ ತಿಳೀತಿತ್ತು.”

ಗಿರಿಜೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಪಡಸಾಲೆಯಿಂದ ಮಾವನವರು, “ಯಾರೂ ಚಾ ಮಾಡಬ್ಯಾಡ್ರಿ, ನಾ ಹೊಳಲಿನಿಂದ ಬಂದೀನೇನು, ಇಲ್ಲೇ ಹುಟ್ಟೀನಿ” ಎಂದು ಕೂಗಿದರು. ಇಬ್ಬರೂ ನಕ್ಕೆವು. ಹೊಲಿಗೆ ನೋಯುತ್ತದೆಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ಮತ್ತೆ ಮಂಡಕ್ಕಿ ಒಗ್ಗರಣೆ ಮಾಡಿದೆ. ಈ ಸಲ ಫೋನ್ ಬಂದ್ ಮಾಡಿಟ್ಟಿದ್ದೆ. ಹಿಂಡುವ ಚಿಂತೆಯಲ್ಲಿ ಉಪ್ಪು ಮರೆತಿತ್ತು. ಗಿರಿಜೆ ತಿಂದು, ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಕಾಲೇಜಿನ ನೌಕರಿ ಯಾಕ ಬೇಕು ಬಿಡ್ರಿ? ಹೋಟ್ಲ ಇಡ್ರಿ. ಕೂಡ್ಲಿಗಿ, ಹರಪನಹಳ್ಳಿ ಮಂದೆಲ್ಲ ಬಸ್ ಹತ್ತಿ ಬರ್ತಾರ” ಎಂದಳು. ಕಣ್ಣು ತುಂಬಿ ಬಂತು. ನನ್ನ ಹೆಂಡತಿ ಪೂರ್ತಿ ಗುಣವಾಗಿದ್ದಳು.

ಆ ಖುಷಿಯಲ್ಲೇ ಸಂಜೆ ಬಸ್‌ಸ್ಟ್ಯಾಂಡ್ ಕಡೆ ಹೊರಟೆ. ಅಲ್ಲಿ ಒಂದು ಮಳಿಗೆಯ ಶಟರ್ ಮೇಲೆ ‘ಬಾಡಿಗೆಗೆ ಇದೆ’ ಎಂಬ ಬೋರ್ಡು ಕಂಡಿತು. ಜಾಗ ಚೆನ್ನಾಗಿದೆ, ನೀರಿನ ಅನುಕೂಲವೂ ಇದೆಯಂತೆ. ಸುಮ್ಮನೆ ಬಾಡಿಗೆ ಎಷ್ಟೆಂದು ವಿಚಾರಿಸಿಕೊಂಡು ಬಂದೆ. ಕೇಳುವುದರಲ್ಲಿ ತಪ್ಪೇನಿದೆ?