ಎರಡು ಹೊತ್ತು ಹಿಂಡಿ ನೋಡಿದ ಲ್ಯಾಪ್‌ಟಾಪ್

ಒಂದೇ ಒಂದು ವಿದ್ಯೆ ಬರುವ ಮನುಷ್ಯರ ಜೊತೆ ಬಾಳುವುದು ಬಹಳ ಕಷ್ಟ. ಹತ್ತು ವಿದ್ಯೆ ಬಲ್ಲವರು ಹೀಗೂ ಇರಬಹುದು, ಹಾಗೂ ಇರಬಹುದು ಎಂದು ತಲೆ ಕೆರೆದುಕೊಳ್ಳುತ್ತಾರೆ. ಒಂದೇ ಬಲ್ಲವರಿಗೆ ಆ ತಾಪತ್ರಯವಿಲ್ಲ. ಅದೊಂದರಿಂದಲೇ ಇಡೀ ಜಗತ್ತನ್ನು ಅಳೆದು ಮುಗಿಸುತ್ತಾರೆ. ನಮ್ಮೂರಿನ ದರ್ಜಿ ಮದುವೆಗೆ ಬಂದರೆ ಮದುಮಗಳ ಮುಖ ನೋಡುವುದಿಲ್ಲ, ಕುಪ್ಪಸದ ತೋಳು ನೋಡುತ್ತಾನೆ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ನನ್ನ ತಮ್ಮ ಬಸ್ಸಿನಲ್ಲಿ ಕೂತಾಗಲೂ ತಿರುವು ಬಂತೆಂದರೆ ಬಲಗಾಲು ಒತ್ತುತ್ತಾನೆ. ನನಗೆ ಬರುವ ಒಂದೇ ವಿದ್ಯೆ ಎಮ್ಮೆ ಆರಿಸುವುದು. ಹಲ್ಲು, ಕೆಚ್ಚಲು, ಹೊಟ್ಟೆಯ ಕೆಳಗಿನ ಹಾಲಿನ ನರ, ನಡಿಗೆ ಇಷ್ಟು ನೋಡಿದರೆ ಅದು ಎಷ್ಟು ಹಾಲು ಕೊಡುತ್ತದೆ, ಯಾರನ್ನು ಒದೆಯುತ್ತದೆ ಎಂದು ಹೇಳಬಲ್ಲೆ. ತಮ್ಮನಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದ್ದು ಇದೇ ಚಟದಿಂದ. ಆಕೆ ಒಳ್ಳೆಯವಳೇ ಆದಳು, ಆದರೆ ಆ ನಾಲ್ಕು ಹೆಜ್ಜೆಯನ್ನು ಇನ್ನೂ ಮರೆತಿಲ್ಲ.

ಈ ವಿದ್ಯೆ ನನಗೆ ಬಂದದ್ದು ನಮ್ಮ ಯಜಮಾನರ ದಯೆಯಿಂದ. ಮದುವೆಯಾದ ಹೊಸದರಲ್ಲಿ ಅವರು ಚಿಂಚಲಿಯ ದನದ ಜಾತ್ರೆಗೆ ಹೋಗಿ ಒಂದು ಪಂಢರಪುರಿ ಎಮ್ಮೆ ತಂದರು. ಅದರ ಕೋಡುಗಳು ಕತ್ತಿಯ ಹಾಗೆ ಬೆನ್ನಿನವರೆಗೂ ಚಾಚಿಕೊಂಡಿದ್ದವು. ಓಣಿಯ ಜನವೆಲ್ಲ ನೋಡಲು ಬಂದರು. ಆ ಕೋಡು ಕೊಟ್ಟಿಗೆಯ ಬಾಗಿಲಲ್ಲಿ ಹಿಡಿಯಲಿಲ್ಲ. ಎಮ್ಮೆಗೆ ಬುದ್ಧಿ ಹೇಳಲಾಗದೆ ಬಾಗಿಲ ಚೌಕಟ್ಟನ್ನೇ ಕಿತ್ತು ಅಗಲ ಮಾಡಿಸಿದೆವು. ಅಷ್ಟು ಮರ್ಯಾದೆ ಮಾಡಿ ಒಳಗೆ ಕರೆದುಕೊಂಡ ಮೇಲೆ ಅದು ಕೊಟ್ಟ ಹಾಲು ಎರಡು ಕಪ್ಪು ಚಹಾಕ್ಕೆ ಸಾಕಾಗುತ್ತಿತ್ತು, ಮೂರನೆಯವರು ಬಂದರೆ ಸಾಲುತ್ತಿರಲಿಲ್ಲ. ಅಂದಿನಿಂದ ದನ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಈ ಕಥೆಯನ್ನು ಮದುವೆ, ಸೀಮಂತ, ಬಸ್ಸು ಕಾಯುವಾಗ, ಎಲ್ಲೆಂದರಲ್ಲಿ ನಾನು ಹೇಳುತ್ತಲೇ ಬಂದಿದ್ದೇನೆ. ಪಾಪ, ಅವರು ತಲೆ ತಗ್ಗಿಸಿ ಕೇಳುತ್ತಾರೆ. ಕೊನೆಗೆ ಅವರ ಕಡೆಯಿಂದ ಬರುವ ಉತ್ತರ ಒಂದೇ: "ಕೋಡ ಮಾತ್ರ ಚಂದ ಇದ್ದೂ ಬಿಡು."

ನಮ್ಮ ಮಗಳು ಸ್ನೇಹಾಳಿಗೆ ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ಓದುವುದು ಸಂಖ್ಯಾಶಾಸ್ತ್ರವಂತೆ, ಅದಕ್ಕೆ ಲ್ಯಾಪ್‌ಟಾಪ್ ಇಲ್ಲದೆ ನಡೆಯುವುದಿಲ್ಲವಂತೆ. ಡೇರಿಯ ಹಾಲಿನ ಬಿಲ್ಲಿನಲ್ಲಿ ವರ್ಷವಿಡೀ ತೆಗೆದಿಟ್ಟ ದುಡ್ಡೊಂದು ಇತ್ತು, ಅಷ್ಟರಲ್ಲೇ ಆಗಬೇಕು. ಒಮ್ಮೆ ತಪ್ಪಿದರೆ ಇನ್ನೊಂದು ಕೊಳ್ಳುವ ತಾಕತ್ತು ನಮಗಿಲ್ಲ, ಎರಡು ವರ್ಷ ಆ ಹುಡುಗಿ ಕೆಟ್ಟದ್ದನ್ನೇ ಎಳೆದಾಡಬೇಕು. ಹಾಸ್ಟೆಲಿನಲ್ಲಿ ಒಂದು ಕೋಣೆಗೆ ನಾಲ್ವರು ಹುಡುಗಿಯರು, ಪ್ಲಗ್ ಮಾತ್ರ ಒಂದೇ ಎಂದು ಅಲ್ಲಿ ಓದುತ್ತಿದ್ದ ಗೆಳತಿಯೊಬ್ಬಳು ಇವಳಿಗೆ ಹೇಳಿಟ್ಟಿದ್ದಳು. ಇದನ್ನು ಸ್ನೇಹಾ ನನಗೂ ಹೇಳಿದ್ದಳು. ನಾನು ಕೇಳಿಸಿಕೊಂಡಿದ್ದೆ, ತಲೆಗೆ ಹಾಕಿಕೊಂಡಿರಲಿಲ್ಲ.

ಲ್ಯಾಪ್‌ಟಾಪ್ ವಿಷಯ ಹೊರಬಿದ್ದದ್ದೇ ತಡ, ಊರಿನಲ್ಲಿ ಇಷ್ಟು ಜನ ಪಂಡಿತರಿದ್ದಾರೆಂದು ನನಗೆ ಗೊತ್ತಾಯಿತು. ಡೇರಿಯಲ್ಲಿ ಹಾಲು ಅಳೆಯುವವನು ಫ್ಯಾಟ್ ನೋಡುವುದನ್ನು ನಿಲ್ಲಿಸಿ, ಹೊಸದೇ ತಗೊಳ್ಳಿ, ಹಳೆಯದಕ್ಕೆ ಕೈ ಹಾಕಬೇಡಿ ಎಂದ. ಹಿಂದೆ ನಿಂತಿದ್ದ ಅಜ್ಜ, ಸರ್ಕಾರ ಪುಕ್ಕಟೆ ಕೊಡುತ್ತದೆ, ಸ್ವಲ್ಪ ತಡೆಯಿರಿ ಎಂದ. ಕೊಲ್ಹಾಪುರದ ನಾದಿನಿ ಫೋನಿನಲ್ಲಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಒಂದು ಗಂಟೆ ವಿವರಿಸಿದಳು. ಅವಳ ಮಗನದು ಯಾವ ಬಣ್ಣದ್ದು ಎಂಬುದೊಂದು ಅರ್ಥವಾಯಿತು. ಎಲ್ಲರ ಮಾತು ಕೇಳಿ ನಾನು ಒಂದು ತೀರ್ಮಾನಕ್ಕೆ ಬಂದೆ. ಇವರ್ಯಾರಿಗೂ ಆರಿಸುವುದು ಗೊತ್ತಿಲ್ಲ, ನಾನೇ ಹೋಗಬೇಕು. ಸ್ನೇಹಾ ಅಪ್ಪನ ಮುಖ ನೋಡಿದಳು. ಅಪ್ಪ ಬಾಗಿಲ ಚೌಕಟ್ಟು ನೋಡಿದರು.

ಮೂವರೂ ಮೊದಲು ಚಿಕ್ಕೋಡಿಗೆ ಹೋದೆವು. ಅಲ್ಲಿ ಹೊಸವು ಸಾಲಾಗಿ ಬಾಯಿ ತೆರೆದು ಕೂತಿದ್ದವು. ಸ್ನೇಹಾ ಕೇಳಿದವಕ್ಕೆ ನಮ್ಮ ದುಡ್ಡು ಮುಟ್ಟಲಿಲ್ಲ, ದುಡ್ಡು ಮುಟ್ಟಿದವು ಸ್ನೇಹಾಳಿಗೆ ಬೇಡವಾದವು. ಬಲು ನಿಧಾನವಂತೆ, ಅವಳ ಲೆಕ್ಕಗಳ ಭಾರ ಹೊರಲಾರವಂತೆ. ಇಳಿಸಿ ಕೊಡಿ ಎಂದು ಕೇಳಿದರೆ ಅಂಗಡಿಯಾತ ಗೋಡೆಗೆ ಹಚ್ಚಿದ ಚೀಟಿ ತೋರಿಸಿದ. ದರ ಒಂದೇ ಎಂದು ಬರೆದಿತ್ತು. ಚೌಕಾಸಿ ಇಲ್ಲದ ವ್ಯಾಪಾರ ನನಗೆ ಉಪ್ಪಿಲ್ಲದ ಸಾರು, ಹಾಗಾಗಿ ಎದ್ದುಬಂದೆ. ನಿಪ್ಪಾಣಿಯಲ್ಲಿ ಬಳಸಿದ ಲ್ಯಾಪ್‌ಟಾಪ್‌ಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿಯಿದೆ, ಅಲ್ಲಿ ಒಳ್ಳೆಯವು ಸಿಗುತ್ತವೆ ಎಂದು ಸ್ನೇಹಾ ಮೊದಲೇ ವಿಚಾರಿಸಿದ್ದಳು. ಬಳಸಿದ್ದು ಎಂದ ಕೂಡಲೇ ನನ್ನ ಮೈಯಲ್ಲಿ ಹುರುಪು ಬಂತು. ನಾನು ಜೀವಮಾನದಲ್ಲಿ ಕೊಂಡ ಎಮ್ಮೆಗಳೆಲ್ಲ ಬಳಸಿದವೇ ಅಲ್ಲವೇ?

ನಿಪ್ಪಾಣಿಯ ಅಂಗಡಿಯಾತ ಮಾತಿನ ಮನುಷ್ಯ. "ಯಾ ಮಾವಶಿ, ಬರ್ರಿ, ಕೂಡ್ರಿ" ಎಂದು ಮರಾಠಿ, ಕನ್ನಡ ಎರಡೂ ಭಾಷೆಯಲ್ಲಿ ನನ್ನನ್ನು ಚಿಕ್ಕಮ್ಮ ಮಾಡಿ ಕೂರಿಸಿದ. ನಾನು ನನ್ನ ಕ್ರಮದಂತೆ ಶುರು ಮಾಡಿದೆ. ಇದು ಯಾರ ಮನೆಯಲ್ಲಿತ್ತು, ಯಾಕೆ ಮಾರಿದರು, ಮೊದಲು ಎಷ್ಟು ಕೈ ಬದಲಾಗಿದೆ ಎಂದು ಕೇಳಿದೆ. ಎಷ್ಟನೇ ಸೂಲು, ಎಷ್ಟು ಕರು ಹಾಕಿದೆ ಎಂದು ಕೇಳುವವಳಿದ್ದೆ, ಸ್ನೇಹಾ ಮೊಣಕೈಯಿಂದ ತಿವಿದಳು. ಅವೆಲ್ಲ ಪುಣೆಯ ಆಫೀಸುಗಳಲ್ಲಿದ್ದವು, ಮೂರು ವರ್ಷಕ್ಕೊಮ್ಮೆ ಅವರು ಬದಲಿಸುತ್ತಾರೆ, ರೋಗದಿಂದ ಬಂದದ್ದಲ್ಲ ಎಂದು ಆತ ತಾಳ್ಮೆಯಿಂದ ಹೇಳಿದ. ಕೀಲುಗಳನ್ನು ಆಡಿಸಿ ನೋಡಿದೆ. ಹೊಟ್ಟೆ ಮೇಲೆ ಮಾಡಿ ತಟ್ಟಿದೆ. ಅಕ್ಷರದ ಕೀಲಿಗಳನ್ನು ಒಂದೊಂದಾಗಿ ಒತ್ತಿ ಹಲ್ಲು ಸಡಿಲವಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಯಜಮಾನರು ಬಾಗಿಲ ಬಳಿ ನಿಂತು ರಸ್ತೆ ನೋಡುತ್ತಿದ್ದರು, ತಾವು ನಮ್ಮ ಪೈಕಿ ಅಲ್ಲ ಎನ್ನುವ ಹಾಗೆ.

ಸ್ನೇಹಾ ಆರಿಸಿದ್ದು ಒಂದು ಕರೀದು. ಅದಕ್ಕೆ ರೂಪವೂ ಇಲ್ಲ, ಲಕ್ಷಣವೂ ಇಲ್ಲ. ಮೂಲೆಯಲ್ಲಿ ಒಂದು ಗೀರು ಬೇರೆ. ನನಗೆ ಮನಸ್ಸು ಒಪ್ಪಲಿಲ್ಲ. ಧಾರವಾಡದಲ್ಲಿ ನಾಲ್ಕು ಜನರ ನಡುವೆ ಮಗಳು ಇದನ್ನು ತೆಗೆದು ಕೂರುವುದೇ? ಆಗ ಅಂಗಡಿಯಾತ ಮೇಲಿನ ಕಪಾಟಿನಿಂದ ಇನ್ನೊಂದನ್ನು ಇಳಿಸಿ ಗುಂಡಿ ಒತ್ತಿದ. ಏನು ಹೇಳಲಿ! ಕೀಲಿಗಳ ಕೆಳಗಿನಿಂದ ಕೆಂಪು ದೀಪ ಹತ್ತಿತು, ಅದು ಹಸಿರಾಯಿತು, ನೀಲಿಯಾಯಿತು, ಗಾಳಿಗೆ ಜೋಳದ ಹೊಲ ತೂಗಿದಂತೆ ಈ ತುದಿಯಿಂದ ಆ ತುದಿಗೆ ಹರಿದಾಡಿತು. ನಾನು ಯಾವ ಕೀಲೂ ಆಡಿಸಲಿಲ್ಲ, ಯಾವ ಹಲ್ಲೂ ಒತ್ತಲಿಲ್ಲ. ಯಾರ ಮನೆಯದು ಎಂದು ಕೇಳುವುದೂ ಮರೆತುಹೋಯಿತು. ದರ ನಮ್ಮ ದುಡ್ಡಿಗೆ ಸ್ವಲ್ಪ ಮೇಲಿತ್ತು. ಮಾವಶಿಗೋಸ್ಕರ ಇಳಿಸುತ್ತೇನೆ ಎಂದ. ಇದೇ ಇರಲಿ ಎಂದು ನಾನು ಚೀಲಕ್ಕೆ ಕೈ ಹಾಕಿಯೇಬಿಟ್ಟೆ.

ಸ್ನೇಹಾ ನನ್ನ ಕೈ ಹಿಡಿದಳು.

"ಅವ್ವಾ, ಎರಡು ಹೊತ್ತು ಹಿಂಡಿ ನೋಡೂಣು."

ಇದು ನನ್ನದೇ ನಿಯಮ. ಎಮ್ಮೆ ಎಷ್ಟೇ ಚೆನ್ನಾಗಿರಲಿ, ಮಾರುವವರ ಮನೆಯಲ್ಲಿ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ನಮ್ಮ ಕೈಯಿಂದ ಹಿಂಡಿ ನೋಡದೆ ಹಗ್ಗ ಹಿಡಿಯಬಾರದು. ಒಂದು ಹೊತ್ತಿನ ಹಾಲು ಮೋಸ ಮಾಡಬಹುದು, ಎರಡು ಹೊತ್ತಿನದು ಮಾಡುವುದಿಲ್ಲ. ಸ್ನೇಹಾ ಚಿಕ್ಕವಳಿದ್ದಾಗ ಹೀಗೆ ಪರೀಕ್ಷೆಗೆ ಹೋದಾಗಲೆಲ್ಲ ನನ್ನ ಜೊತೆ ಬಂದು ಪರರ ಕೊಟ್ಟಿಗೆಯಲ್ಲಿ ತೂಕಡಿಸಿದವಳು. ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಅವಳು ಎರಡಕ್ಕೂ ಚಾರ್ಜ್ ಪೂರ್ತಿ ಮಾಡಿಸಿ, ವೈರು ತೆಗೆಸಿ, ಎರಡರಲ್ಲೂ ಒಂದೇ ವಿಡಿಯೋ ಹಚ್ಚಿದಳು. ಅಂಗಡಿಯಾತ ನಕ್ಕು, ಎಷ್ಟು ಹೊತ್ತು ಬೇಕಾದರೂ ಕೂತಿರಿ ಎಂದ. ನಾವು ಬಸ್ ಸ್ಟ್ಯಾಂಡಿನ ಕಡೆ ಹೋಗಿ ಭಜಿ ತಿಂದು ಚಹಾ ಕುಡಿದು ಬರುವಷ್ಟರಲ್ಲಿ ನನ್ನ ದೀಪದ ಸುಂದರಿ ಕಣ್ಣು ಮುಚ್ಚಿ ಮಲಗಿತ್ತು. ಕರೀದು ಮೆಲುಕು ಹಾಕುತ್ತ ನಿಂತೇ ಇತ್ತು. ಅಂಗಡಿಯಾತ ಮುಚ್ಚುಮರೆ ಮಾಡಲಿಲ್ಲ. "ಅದು ಆಟಾ ಆಡೋ ಹುಡುಗರು ಒಯ್ಯತಾರ್ರಿ ಮಾವಶಿ. ವೈರ್ ಹಚ್ಚೇ ಇಡಬೇಕಾಗ್ತೈತಿ" ಎಂದ. ಒಂದೇ ಪ್ಲಗ್ಗಿನ ಕೋಣೆ ಆಗ ನನ್ನ ತಲೆಗೆ ಬಂತು. ನಾಲ್ಕು ಹುಡುಗಿಯರಲ್ಲಿ ನನ್ನ ಮಗಳು ದಿನಾ ವೈರು ಹಿಡಿದುಕೊಂಡು ಸರದಿ ಕಾಯುವುದು ಕಣ್ಣಿಗೆ ಕಟ್ಟಿತು. ಹಾಗೆಯೇ, ಈ ಹುಡುಗಿ ಎಲ್ಲಿ ಹೋದರೂ ಬದುಕಿಕೊಳ್ಳುತ್ತಾಳೆ ಎಂಬ ಸಮಾಧಾನವೂ ಆಯಿತು. ಕರೀದರ ದರ ಇಳಿಸುವುದರಲ್ಲಿ ನನ್ನ ಅಭಿಮಾನವನ್ನೆಲ್ಲ ತೋರಿಸಿದೆ. ಅಂಗಡಿಯಾತ ಕೊನೆಗೆ ಕೈಮುಗಿದ. ಎಂಟು ದಿನದಲ್ಲಿ ತೊಂದರೆ ಕೊಟ್ಟರೆ ವಾಪಸ್ ತನ್ನಿ ಎಂದೂ ಮಾತು ಕೊಟ್ಟ. ಎಮ್ಮೆ ಮಾರಿದವರು ಹಗ್ಗ ಬಿಚ್ಚಿ ಇಟ್ಟುಕೊಳ್ಳುವುದು ನಮ್ಮ ಕಡೆಯ ರೂಢಿ. ಈತ ಚಾರ್ಜರನ್ನೂ ಸುತ್ತಿ ಚೀಲಕ್ಕೆ ಹಾಕಿದಾಗ ನಿಜವಾಗಿ ದೊಡ್ಡ ಮನಸ್ಸಿನವನು ಎನ್ನಿಸಿತು.

ಎರಡನೇ ಹೊತ್ತು ಮರುದಿನ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಮುಗಿಯಿತು. ನಾನು ಎಮ್ಮೆಗಳನ್ನು ಹಿಂಡಿ, ಡೇರಿಗೆ ಹೋಗಿ, ಬಂದು ರೊಟ್ಟಿ ಬಡಿದು ಮುಗಿಸಿದರೂ ಅದು ವೈರಿಲ್ಲದೆ ನಡೆಯುತ್ತಲೇ ಇತ್ತು. ಖುಷಿಯಿಂದ ಅರಿಷಿಣ ಕುಂಕುಮ ಹಚ್ಚಿದೆ. ಮೂಲೆಯ ಗೀರಿನ ಮೇಲೇ ಹಚ್ಚಿದ್ದರಿಂದ ಅದೂ ಮುಚ್ಚಿಹೋಯಿತು. ಮಧ್ಯಾಹ್ನ ಓಣಿಯ ಹೆಂಗಸರು ನೋಡಲು ಬಂದರು. ಒಬ್ಬಾಕೆ, ಇಷ್ಟು ಕೊಟ್ಟು ಇಂಥ ಕರೀದು ಯಾಕೆ ತಂದಿರಿ, ಇನ್ನೂ ಚಂದದ್ದು ಇರಲಿಲ್ಲವೇ ಎಂದಳು. ನನಗೆ ಅಷ್ಟೇ ಸಾಕಾಯಿತು. ಸೆರಗು ಸರಿಮಾಡಿಕೊಂಡು ಕೂತೆ. ರೂಪ ನೋಡಿ ಮರುಳಾಗಬಾರದು, ನಮ್ಮ ಯಜಮಾನರು ಒಮ್ಮೆ ಚಿಂಚಲಿಗೆ ಹೋಗಿ ಏನು ಮಾಡಿದರು ಗೊತ್ತೇ ಎಂದು ರೂಢಿಯಂತೆ ಶುರು ಮಾಡಿದೆ. ಪಂಢರಪುರಿ ಎಮ್ಮೆ ಬಂತು, ಕೋಡು ಬಂದವು, ಬಾಗಿಲ ಚೌಕಟ್ಟಿನ ಹತ್ತಿರ ಬರುವವಳಿದ್ದೆ.

ಯಜಮಾನರು ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಸವರುತ್ತಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ ಈ ಕಥೆಯ ನಡುವೆ ತಲೆ ಎತ್ತಿದರು.

"ಅದರ ಕೋಡಿಗೆ ದೀಪಾ ಇರಲಿಲ್ಲ ನೋಡು. ಇದ್ದಿದ್ರ ನೀನ ಹೋಗಿ ತರತಿದ್ದಿ."

ಹೆಂಗಸರಿಗೆ ಏನೂ ತಿಳಿಯಲಿಲ್ಲ, ಸ್ನೇಹಾ ಲ್ಯಾಪ್‌ಟಾಪಿನ ಹಿಂದೆ ಮುಖ ಮುಚ್ಚಿಕೊಂಡಳು. ನಾನು ಬಾಯಿ ತೆರೆದೆ. ಹೊರಬಿದ್ದದ್ದು ಅವರದೇ ಹಳೆಯ ಉತ್ತರ.

"ದೀಪಾ ಮಾತ್ರ ಚಂದ ಇದ್ದೂ ಬಿಡ್ರಿ" ಎಂದೆ.