ಮಂಗಳವಾರ, ಶುಕ್ರವಾರದ ಗುಡ್ಡಗಳು

ನಳದಿಂದ ಮೊದಲು ಬರುತ್ತಿದ್ದುದು ನೀರಲ್ಲ, ಗಾಳಿ. ‘ಸೊಂಯ್’ ಎಂದು ಉದ್ದಕ್ಕೊಂದು ಸಿಳ್ಳು, ನಡುವೆ ಎರಡು ಗೊರಕೆ, ಮುದುಕರಂತೆ ಒಂದು ಕೆಮ್ಮು, ಆಮೇಲೆ ಒಂದು ತಂಬಿಗೆಯಷ್ಟು ಕೆಂಪು ನೀರು, ಕೊನೆಗೆ ಧಾರೆ. ಚಿಕ್ಕೋಡಿಯ ನಮ್ಮ ಓಣಿಗೆ ಎರಡು ವರ್ಷದ ಹಿಂದಿನವರೆಗೂ ವಾರಕ್ಕೆ ಎರಡೇ ದಿನ ನೀರು. ಬೆಳಗ್ಗೆ ಏಳೂವರೆಗೆ ಆ ಸಿಳ್ಳು ಕೇಳಿದರೆ ಸಾಕು, ಸ್ನಾನಕ್ಕೆ ಕೂತವರು ಸ್ನಾನ ಬಿಟ್ಟು, ಪೂಜೆಗೆ ಕೂತವರು ದೇವರನ್ನು ಬಿಟ್ಟು ಅಂಗಳಕ್ಕೆ ಓಡುತ್ತಿದ್ದರು. ಈಗ ಹೊಸ ಪೈಪು ಬಂದಿದೆ. ದಿನವೂ ನೀರು ಬರುತ್ತದೆ, ಬಂದದ್ದೂ ಗೊತ್ತಾಗುವುದಿಲ್ಲ. ಎಲ್ಲರೂ ಇದನ್ನು ಪ್ರೋಗ್ರೆಸ್ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಆದರೆ ನನ್ನ ಕಿವಿಯಲ್ಲಿ ಆ ಸಿಳ್ಳು ಹಾಗೇ ಉಳಿದಿದೆ. ಉಳಿಯಲೇಬೇಕು, ಯಾಕೆಂದರೆ ಅದು ಕೂಗಿ ಕೂಗಿ ಹೇಳುತ್ತಿದ್ದ ಒಂದು ವಿಷಯ ನನಗೆ ಕೇಳಿಸಲೇ ಇಲ್ಲ.

ನನಗೆ ಗ್ರಾಫ್ ಅಂದರೆ ಮೊದಲಿನಿಂದಲೂ ಪ್ರೀತಿ. ನಮ್ಮಪ್ಪ ಐಗಳಿಯ ರೈತ. ಕಬ್ಬು, ದ್ರಾಕ್ಷಿ ಬಿಟ್ಟರೆ ಬೇರೆ ಲೋಕ ಕಾಣದ ಮನುಷ್ಯ. ಅದೇನು ಹೊಳೆಯಿತೋ, ಇದ್ದೊಬ್ಬ ಮಗಳನ್ನು ಬೆಳಗಾವಿಯ ಕಾನ್ವೆಂಟಿಗೆ ಒಯ್ದು ಬಿಟ್ಟ. ಅಲ್ಲಿ ಸಿಸ್ಟರ್ ಆಗ್ನೆಸ್ ಅಂತ ಗಣಿತದ ಟೀಚರ್ ಇದ್ದರು. ಪೆನ್ಸಿಲಿನ ಮೊನೆ ಸೂಜಿಯಂತಿರಬೇಕು, ಚುಕ್ಕೆ ಸಾಸಿವೆಗಿಂತ ದೊಡ್ಡದಿರಬಾರದು. “ಗರ್ಲ್ಸ್, ಎ ಗ್ರಾಫ್ ಡಸ್ ನಾಟ್ ಲೈ, ಬಟ್ ದ ಗರ್ಲ್ ಹೂ ಡ್ರಾಸ್ ಇಟ್ ಮೇ” ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಆ ಮಾತನ್ನು ನಾನು ಮುಂದೆ ಮೂವತ್ತು ವರ್ಷ ಗಣಿತ ಕಲಿಸುವಾಗ ನನ್ನ ಹುಡುಗಿಯರಿಗೂ ಹೇಳಿ, ಅವರನ್ನೂ ನಗಿಸಿ, ರಿಟೈರ್ ಆದೆ. ಅದು ನನ್ನ ಬಗ್ಗೆಯೇ ಹೇಳಿದ್ದು ಅಂತ ತಿಳಿಯುವುದಕ್ಕೆ ಎಪ್ಪತ್ತೆರಡು ತುಂಬಬೇಕಾಯಿತು.

ಆಗಿದ್ದು ಇಷ್ಟು. ಡಾಕ್ಟರು ನನ್ನ ಬಿ.ಪಿ. ಸ್ವಲ್ಪ ಜಾಸ್ತಿ ಇದೆ ಎಂದು, ದಿನಾ ಬೆಳಗ್ಗೆ ಎಂಟಕ್ಕೆ ಮನೆಯಲ್ಲೇ ನೋಡಿಕೊಂಡು ಬರೆದಿಡಲು ಹೇಳಿದರು. ಮಗ ವಿಜಯ ಒಂದು ಮಶೀನ್ ತಂದುಕೊಟ್ಟ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಅದು ಬುಸುಗುಟ್ಟುತ್ತ ತೋಳು ಹಿಂಡಿ, ಪೀ ಎಂದು ಅಂಕಿ ತೋರಿಸುತ್ತದೆ. ಬೇರೆಯವರಾಗಿದ್ದರೆ ಹಳೆಯ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದರು. ನಾನು ಕಾನ್ವೆಂಟ್ ಹುಡುಗಿ. ಗ್ರಾಫ್ ಪೇಪರ್ ತರಿಸಿದೆ. ಅಡ್ಡಕ್ಕೆ ದಿನ, ಉದ್ದಕ್ಕೆ ಬಿ.ಪಿ. ಸೊನ್ನೆಯಿಂದ ಶುರು ಮಾಡಿದರೆ ಮುಕ್ಕಾಲು ಹಾಳೆ ಸುಮ್ಮನೆ ವೇಸ್ಟ್ ಆಗುತ್ತದೆಂದು ನೂರಾ ಇಪ್ಪತ್ತರಿಂದ ಶುರು ಮಾಡಿದೆ. ಹೀಗೆ ಮಾಡಿದರೆ ಬುಡದಲ್ಲಿ ಒಂದು ಅಂಕುಡೊಂಕು ಗುರುತು ಹಾಕಬೇಕು, ಓದುವವರಿಗೆ ಕೆಳಗಿನ ಭಾಗ ಕತ್ತರಿಸಿದ್ದೇವೆ ಅಂತ ತಿಳಿಯಲಿ ಎಂದು. ಹಾಕಲಿಲ್ಲ. ನೋಡಲು ಚೆನ್ನಾಗಿ ಕಾಣುವುದಿಲ್ಲ ಅಂತ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ, ನಾಲ್ಕು ಜನ ನೋಡಲಿ ಅಂತ.

ನಾಲ್ಕು ಜನ ನೋಡಿದರು. ಅಲ್ಲೇ ತೊಂದರೆ ಶುರುವಾಯಿತು.

ಈಗ ಮಾಯವ್ವನ ವಿಷಯ ಹೇಳಬೇಕು. ಊರ ಹೊರಗಿನ ತೋಟಗಳ ಕಡೆ ಅವಳ ಮನೆ. ಆರು ಆಡು, ಒಂದು ಎಮ್ಮೆ. ಅವಳ ಕಡೆಯ ಬೋರಿನ ನೀರು ಸವಳು, ಬೇಳೆ ಬೇಯುವುದಿಲ್ಲ. ಅದಕ್ಕೇ ನಮ್ಮ ನಳ ಬರುವ ದಿನ ಎರಡು ಕೊಡ ಹಿಡಿದು ಬರುತ್ತಿದ್ದಳು. ಒಂದನ್ನು ನಾನು ಎತ್ತಿ ಅವಳ ತಲೆಯ ಮೇಲಿಡಬೇಕು, ಇನ್ನೊಂದನ್ನು ಅವಳೇ ಸೊಂಟಕ್ಕಿಟ್ಟುಕೊಳ್ಳುತ್ತಾಳೆ. ನಮ್ಮ ಮನೆಯದೆಲ್ಲ ತುಂಬುವತನಕ ಕಾಯಬೇಕಲ್ಲ, ಆ ಹೊತ್ತಿನಲ್ಲಿ ಅಂಗಳದ ಕಟ್ಟೆಯ ಮೇಲೆ ಕೂತು ಓದು ಕಲಿಯುತ್ತಿದ್ದಳು. ಕಲಿಸೆಂದು ಕೇಳಿದವಳೂ ಅವಳೇ. ಕಾಗವಾಡದಲ್ಲಿ ಮಗಳಿದ್ದಾಳೆ, ಹೋಗಿಬರಲು ಪ್ರತಿ ಸಲ ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರನ್ನು ಕೇಳಬೇಕು, ಅವರು ಒಂದು ಹೇಳಿದರೆ ಬಸ್ಸು ಇನ್ನೊಂದು. “ಬಾಯಾರ, ಆ ಬೋರ್ಡ್ ನನಗ ಓದಾಕ ಬಂದ್ರ ಸಾಕ್ರಿ. ಮತ್ತೇನೂ ಬ್ಯಾಡ” ಎಂದಿದ್ದಳು. ಅಕ್ಷರ, ಅಂಕಿ ಆದ ಮೇಲೆ ನಾನು ಬೋರ್ಡಿನಂಥ ಪಟ್ಟಿ ಬರೆದು, ಒಂದು ಬೆರಳು ಊರಿನ ಹೆಸರಿನಿಂದ ಅಡ್ಡಕ್ಕೆ, ಇನ್ನೊಂದು ಮೇಲಿನಿಂದ ಕೆಳಕ್ಕೆ, ಎರಡೂ ಕೂಡಿದ ಮನೆಯಲ್ಲಿ ಬಸ್ಸಿನ ಹೊತ್ತು ಎಂದು ಕಲಿಸಿದೆ. ಎರಡನೇ ದಿನಕ್ಕೆ ತಪ್ಪಿಲ್ಲದೆ ಹೇಳಿದಳು. ನನ್ನ ಮೂವತ್ತು ವರ್ಷದ ಸರ್ವಿಸಿನಲ್ಲಿ ಅಂಥ ಸ್ಟೂಡೆಂಟ್ ಸಿಕ್ಕಿರಲಿಲ್ಲ. ಒಮ್ಮೆ ಅವಳ ಬಿ.ಪಿ.ಯನ್ನೂ ನೋಡಿದೆ. ಐದು ನಿಮಿಷ ಸುಮ್ಮನೆ ಕೂರಬೇಕು, ಪಟ್ಟಿ ಕಟ್ಟಿದ ಮೇಲೆ ಮಾತಾಡಲೇಬಾರದು ಎಂದು ರೂಲ್ಸ್ ಹೇಳಿದೆ. ದೇವಸ್ಥಾನದಲ್ಲಿ ಕೂತಂತೆ ಕೂತಳು. ನನಗಿಂತ ಎಷ್ಟೋ ಕಡಿಮೆ ಬಂತು.

ಬಸ್ಸಿನ ಪಟ್ಟಿ ಮುಗಿದ ಹುಮ್ಮಸ್ಸಿನಲ್ಲಿ ನಾನು ಫ್ರಿಜ್ಜಿನ ಗ್ರಾಫನ್ನೇ ಕಿತ್ತು ತಂದು ಅವಳ ಮುಂದೆ ಹರಡಿದೆ. ಇದನ್ನು ಓದು, ಏನು ಕಾಣುತ್ತದೆ ಹೇಳು ಎಂದೆ. ಬೆರಳು ಮೆಲ್ಲಗೆ ಗೆರೆಯ ಮೇಲೆ ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿದಳು.

“ಗುಡ್ಡ ಅದಾವ್ರಿ ಬಾಯಾರ. ವಾರಕ್ಕ ಎರಡು.”

ಯಾವ ವಾರ ಅಂತ ಕೆಳಗೆ ಓದು ಎಂದೆ.

“ಮಂಗಳಾರ ಒಂದು. ಶುಕ್ಕರಾರ ಒಂದು.” ಸ್ವಲ್ಪ ತಡೆದು, “ನಾ ಬರೂ ದಿನಾನ ಆತಲ್ರಿ ಇದು” ಎಂದಳು.

“ವೆರಿ ಗುಡ್!” ಎಂದು ನಾನು ಚಪ್ಪಾಳೆ ತಟ್ಟಿದೆ. ನಿಜವಾಗಿಯೂ ತಟ್ಟಿದೆ. ಶಿಷ್ಯೆ ಗ್ರಾಫ್ ಓದಿದ ಸಂತೋಷದಲ್ಲಿ ಅವಳು ಓದಿದ್ದು ಏನು ಎಂಬುದು ನನ್ನ ತಲೆಗೆ ಹೋಗಲಿಲ್ಲ. ಅಡುಗೆಮನೆಯಲ್ಲಿದ್ದ ಸೊಸೆ ಸವಿತಾಳ ತಲೆಗೆ ಹೋಯಿತು.

ಆ ರವಿವಾರ ಊಟದ ಹೊತ್ತಿಗೆ ನನ್ನ ಮೇಲೆ ಕೇಸು ನಡೆಯಿತು. ವಿಜಯ ಇಲ್ಲಿಯ ಕೋರ್ಟಿನಲ್ಲಿ ವಕೀಲ. ಮನೆಯಲ್ಲಿ ಉಪ್ಪು ಕೇಳಿದರೂ ಕಾರಣ ಸಮೇತ ಕೇಳುವ ಸ್ವಭಾವ. ಗ್ರಾಫನ್ನು ರೊಟ್ಟಿಯ ಡಬ್ಬಿಗೆ ಆನಿಸಿ ನಿಲ್ಲಿಸಿದ. ಮಾಯವ್ವ ಬಂದ ದಿನ ಬಿ.ಪಿ. ಏರುತ್ತದೆ, ಬಾರದ ದಿನ ಇಳಿಯುತ್ತದೆ, ಅವಳಿಗೆ ಕಲಿಸುವುದೆಂದರೆ ನನಗೆ ಅಷ್ಟು ಎಕ್ಸೈಟ್‌ಮೆಂಟ್, ಈ ವಯಸ್ಸಿಗೆ ಅದು ತಡೆಯುವುದಿಲ್ಲ, ಒಂದು ತಿಂಗಳು ನಿಲ್ಲಿಸಿ ನೋಡೋಣ. ಇದು ಅವನ ವಾದ. ಸವಿತಾ ಕೆಟ್ಟವಳಲ್ಲ. ಪಲ್ಯ ಬಡಿಸುತ್ತ, ಆ ಗುಡ್ಡ ನೋಡಿದಾಗೆಲ್ಲ ಎದೆ ಝಲ್ಲೆನ್ನುತ್ತದೆ ಎಂದಳು. ಝಲ್ಲೆನ್ನದೆ ಏನು? ನೂರಾ ಮೂವತ್ತೆಂಟಕ್ಕೂ ನೂರಾ ಐವತ್ತಕ್ಕೂ ಇರುವ ಅಂತರವನ್ನು ನಾನು ಗೇಣುದ್ದ ಎಳೆದಿದ್ದೆ. ಸೊನ್ನೆಯಿಂದ ಬರೆದಿದ್ದರೆ ಅದು ಗುಡ್ಡವಲ್ಲ, ನಮ್ಮ ಅಂಗಳದ ಏರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಐ ವಾಸ್ ಫ್ಯೂರಿಯಸ್. ಈ ಕಾಲದವರಿಗೆ ಒಂದು ಗೆರೆ ಕಂಡರೆ ಸಾಕು, ಮನುಷ್ಯರು ಕಾಣುವುದಿಲ್ಲ. ಲೈಟ್ ಬಿಲ್ಲಿನ ಗ್ರಾಫಿನಲ್ಲಿ ಈ ತಿಂಗಳ ಕಂಬ ಉದ್ದವಾದರೆ ನನ್ನ ಕೋಣೆಯ ಫ್ಯಾನಿನ ಕಡೆ ನೋಡುತ್ತಾರೆ. ಮಗನ ಕೈಗಡಿಯಾರ ಅವನ ನಿದ್ರೆಯ ನಕ್ಷೆ ಬರೆಯುತ್ತದೆ. ಎದ್ದ ಕೂಡಲೆ ಅದನ್ನು ನೋಡಿ, ತನಗೆ ನಿದ್ದೆ ಆಯಿತೋ ಇಲ್ಲವೋ ತಿಳಿದುಕೊಳ್ಳುತ್ತಾನೆ. ಕಣ್ಣು ಉರಿಯುತ್ತಿದೆಯಾ ಅಂತ ಕಣ್ಣನ್ನೇ ಕೇಳಬಾರದೇ? ಎರಡು ಸಂಗತಿ ಜೊತೆಗೆ ನಡೆದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅನ್ನುವುದು ಯಾವ ನ್ಯಾಯ? ಹೀಗೆಲ್ಲ ಕೇಳಬೇಕಿತ್ತು. ಆದರೆ ಆ ದಿನ ನನ್ನ ಬಾಯಿಂದ ಬಂದದ್ದು ಒಂದೇ: ನಾನು ಗಣಿತ ಕಲಿಸಿದವಳು, ನನಗೆ ಗ್ರಾಫ್ ಹೇಳಿಕೊಡಬೇಡಿ.

ವಿಜಯ ನಕ್ಕ. “ಅವ್ವಾ, ನಾ ಏನ್ ಹೇಳಿಕೊಡಾಕತ್ತಿಲ್ಲ. ನಿನ್ನ ಗ್ರಾಫೇ ಹೇಳಾಕತ್ತೈತಿ.”

ಗ್ರಾಫ್ ನನ್ನದು. ಚುಕ್ಕೆ ನನ್ನವು, ಸಾಸಿವೆಗಿಂತ ಚಿಕ್ಕವು. ಅದು ತಪ್ಪು ಅಂದರೆ ಸಿಸ್ಟರ್ ಆಗ್ನೆಸ್ ಮುಖಕ್ಕೆ ಮಸಿ. ಸರಿ ಅಂದರೆ ಮಾಯವ್ವ ಹೊರಗೆ. ನಾನು ರೊಟ್ಟಿ ಮುರಿದೆ.

ಮುಂದಿನ ಶುಕ್ರವಾರ ಅವಳು ಬಂದಾಗ, ಪಾಠಕ್ಕೆ ಕೂರುವುದು ಬೇಡ ಎಂದು ಅವಳಿಗೆ ಹೇಳಿದರು. ಆ ದಿನದ್ದನ್ನು ಕೊನೆಗೆ ಹೇಳುತ್ತೇನೆ, ಮೊದಲೇ ಹೇಳಿದರೆ ಉಳಿದದ್ದನ್ನು ಬರೆಯಲು ಮನಸ್ಸು ಬರುವುದಿಲ್ಲ. ಆ ಶುಕ್ರವಾರ ನನ್ನ ಬಿ.ಪಿ. ಎಂದೂ ಇಲ್ಲದಷ್ಟು ಕೆಳಗೆ ಬಂತು. ಮನೆಯಲ್ಲಿ ಖುಷಿಯೋ ಖುಷಿ. ಸವಿತಾ ಗೋಧಿ ಹುಗ್ಗಿ ಮಾಡಿದಳು.

ಹುಗ್ಗಿ ಅರಗುವುದರೊಳಗೆ ಮಂಗಳವಾರ ಬಂತು. ಮಾಯವ್ವ ಇಲ್ಲ, ಗುಡ್ಡ ಮಾತ್ರ ಎದ್ದಿತು, ಮೊದಲಿಗಿಂತ ಎತ್ತರವಾಗಿ. ನಾನು ಗ್ರಾಫನ್ನು ವಿಜಯನ ಮುಂದೆ ಹಿಡಿದೆ. ಅವನು ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ, ಅದು ಅವಳಿಲ್ಲ ಅಂತ ಕೊರಗುತ್ತಿರುವುದಕ್ಕೆ, ನಾಲ್ಕು ವಾರದಲ್ಲಿ ಸರಿಹೋಗುತ್ತದೆ ಎಂದ. ನೋಡಿ, ಬಂದರೆ ಬಂದಳು ಅಂತ ಏರುತ್ತದೆ, ಬಾರದಿದ್ದರೆ ಬರಲಿಲ್ಲ ಅಂತ ಏರುತ್ತದೆ. ಹೇಗೆ ಬಿದ್ದರೂ ಮಾಯವ್ವನೇ ಅಪರಾಧಿ. ಇಂಥ ವಕೀಲನಿಗೆ ಕಕ್ಷಿದಾರರು ಯಾಕೆ ಕಡಿಮೆ ಅಂತ ನನಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ನಮ್ಮ ಓಣಿಯ ಮೇಲಿನ ಪೈಪು ಒಡೆದು, ರಿಪೇರಿ ಆದ ಮೇಲೆ ನೀರು ಬಿಡುವವನು ದಿನ ಬದಲಿಸಿದ. ಇನ್ನು ಮೇಲೆ ಬುಧವಾರ, ಶನಿವಾರ. ಓಣಿಯೆಲ್ಲ ಬೈದುಕೊಂಡಿತು, ನಾನೂ ಬೈದೆ. ಎರಡು ವಾರ ಕಳೆದು ಒಂದು ಶನಿವಾರ ಚುಕ್ಕೆ ಇಡಲು ಹೋದವಳು ಪೆನ್ಸಿಲ್ ಹಿಡಿದು ನಿಂತುಬಿಟ್ಟೆ. ಗುಡ್ಡಗಳು ಜಾಗ ಬಿಟ್ಟಿದ್ದವು. ಬುಧವಾರ ಒಂದು, ಶನಿವಾರ ಒಂದು.

ನಳ ಬಂದ ದಿನ ನಾನು ಏನು ಮಾಡುತ್ತಿದ್ದೆ? ಸಿಳ್ಳು ಕೇಳಿದ ಕೂಡಲೆ ಸೀರೆ ಎತ್ತಿ ಕಟ್ಟಿ ಪೈಪು ಜೋಡಿಸುತ್ತಿದ್ದೆ. ಟಾಕಿಗೆ ಎಷ್ಟು ಏರಿತು ನೋಡಲು ಮಹಡಿಗೆ ಮೂರು ಸಲ ಹತ್ತಿ ಇಳಿಯುತ್ತಿದ್ದೆ. ನಡುವೆ ಮೋಟರ್ ಹಚ್ಚಿ ಪೈಪಿನ ನೀರನ್ನೆಲ್ಲ ಎಳೆಯುವ ಪಕ್ಕದ ಮನೆಯವರ ಜೊತೆ ಕಂಪೌಂಡ್ ಮೇಲಿಂದಲೇ ಜಗಳ. ಎಂಟು ಹೊಡೆದದ್ದು ಕೇಳಿ, ಟೈಮ್ ಈಸ್ ಟೈಮ್ ಎಂದು ಓಡಿಬಂದು, ಏದುಸಿರು ಬಿಡುತ್ತ, ಕಿಟಕಿಯಿಂದ ಮಾಯವ್ವನಿಗೆ ಪಾಠ ಹೇಳುತ್ತ ತೋಳಿಗೆ ಪಟ್ಟಿ ಸುತ್ತುತ್ತಿದ್ದೆ. ಶಿಷ್ಯೆಗೆ ಹೇಳಿದ ಒಂದು ರೂಲನ್ನೂ ಟೀಚರ್ ಪಾಲಿಸುತ್ತಿರಲಿಲ್ಲ. ಮಾಯವ್ವ ಬರುತ್ತಿದ್ದುದೇ ನಳಕ್ಕಾಗಿ. ಅವಳ ಕೈಯಲ್ಲಿ ಎರಡೆರಡು ಕೊಡ ಇರುತ್ತಿದ್ದವು. ಇಷ್ಟು ದೊಡ್ಡ ಸಾಕ್ಷಿ ವಕೀಲನಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ, ಯಾಕೆಂದರೆ ಅದು ಹಾಳೆಯ ಮೇಲೆ ಇರಲಿಲ್ಲ.

ರವಿವಾರ ರೊಟ್ಟಿಯ ಡಬ್ಬಿಗೆ ನಾನೇ ಗ್ರಾಫ್ ಆನಿಸಿದೆ. ನಳ ಬಂದ ದಿನಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೆ. ಹೇಳುವುದನ್ನೆಲ್ಲ ಹೇಳಿದೆ, ಇಂಗ್ಲಿಷಿನಲ್ಲೂ ಹೇಳಿದೆ. ವಿಜಯ ಕೆಂಪು ಗುರುತುಗಳನ್ನು ಒಂದೊಂದಾಗಿ ಎಣಿಸಿದ. “ನಳದ ಗುರ್ತ ಮೊದಲ ಹಾಕಿದ್ರ ಆಗತಿತ್ತಲ್ಲವ್ವಾ” ಎಂದ. ಅವನ ದನಿಯಲ್ಲಿ ವಾದ ಇರಲಿಲ್ಲ. ಸವಿತಾ ತಲೆ ತಗ್ಗಿಸಿ, “ನಾಳೆ ನಾನ ಹೋಗಿ ಕರ್ಕೊಂಡ ಬರ್ತೇನ್ರೀ ಅತ್ತಿ” ಎಂದಳು.

ಮರುದಿನ ಹೋಗಿಯೂ ಹೋದಳು. ಬಾಗಿಲಿಗೆ ಬೀಗ. ಮಾಯವ್ವ ಆಡು, ಎಮ್ಮೆ ಮೈದುನನಿಗೆ ಒಪ್ಪಿಸಿ ಕಾಗವಾಡದ ಮಗಳ ಮನೆಗೆ ಹೋಗಿ ವಾರವಾಗಿತ್ತು. ಇನ್ನು ಅಲ್ಲೇ ಇರುತ್ತಾಳಂತೆ, ಅಲ್ಲಿ ಬಾಗಿಲಲ್ಲೇ ಸಿಹಿನೀರಂತೆ. ಬಿಟ್ಟುಬರಲು ಹೋದ ಮೈದುನ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನೋ ಕೇಳಲು ಹೊರಟರೆ ತಡೆದು, ತಾನೇ ಬೋರ್ಡಿನ ಮೇಲೆ ಎರಡು ಬೆರಳು ಇಟ್ಟು ಬಸ್ಸಿನ ಹೊತ್ತು ಹೇಳಿದಳಂತೆ. ಇದನ್ನು ಕೇಳಿ ನನಗೆ ಆದ ಹೆಮ್ಮೆಗೆ ನನ್ನ ಮೇಲೇ ಸಿಟ್ಟು ಬಂತು.

ಇನ್ನು ಆ ಶುಕ್ರವಾರ. ಅಂದೊಂದು ದಿನ ಮಾತ್ರ ವಿಜಯ ತಾನೇ ಪೈಪು ಜೋಡಿಸಿದ, ತಾನೇ ಮಹಡಿ ಹತ್ತಿದ. ಸವಿತಾ ನನ್ನನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಮಶೀನಿನ ಪುಸ್ತಕ ಓದಿ ಹೇಳಿದಳು: ಐದು ನಿಮಿಷ ಸುಮ್ಮನೆ ಕೂರಬೇಕು, ಮಾತಾಡಬಾರದು. ಪಟ್ಟಿ ಕಟ್ಟಿ ಹೊರಗೆ ಹೋದಳು. ಅಂಗಳದಲ್ಲಿ ಅವಳ ಮೆತ್ತನೆಯ ದನಿ ಕೇಳಿಸಿತು. ನೀರು ತುಂಬಿಕೊಂಡು ಹೋಗಿ, ಕೂರುವುದು ಮಾತ್ರ ಸ್ವಲ್ಪ ದಿನ ಬೇಡ, ಅತ್ತೆಯ ಆರೋಗ್ಯ ಹೀಗಿದೆ. ಮಾಯವ್ವ ನಳದ ಕೆಳಗೆ ಕೊಡ ಇಟ್ಟಳು. ಎರಡೂ ಕೊಡ ತುಂಬಿಸಿದಳು. ತಲೆಯ ಮೇಲಿಡುವ ಕೊಡ ಎತ್ತಿಕೊಡಲಿ ಎಂದು ಅಭ್ಯಾಸದಂತೆ ಕಿಟಕಿಯ ಕಡೆ ತಿರುಗಿದಳು. ನಾನು ಏಳಲು ಹೋಗಿ “ಮಾಯವ್ವಾ” ಅನ್ನಲು ಬಾಯಿ ತೆರೆದೆ. ಅವಳಿಗೆ ನನ್ನ ತೋಳಿನ ಪಟ್ಟಿ ಕಂಡಿತು. ಕೂಡಲೆ ತುಟಿಯ ಮೇಲೆ ಬೆರಳಿಟ್ಟು, ಮಾತಾಡಬೇಡಿ ಎಂದು ತಲೆ ಅಲ್ಲಾಡಿಸಿದಳು, ನಾನು ಕಲಿಸಿದ ಹಾಗೇ. ನಾನು ಬಾಯಿ ಮುಚ್ಚಿದೆ. ಅವಳು ಒಂದು ಕೊಡದ ನೀರನ್ನು ನಮ್ಮ ಬಕೆಟ್ಟಿಗೇ ಸುರಿದು, ಖಾಲಿ ಕೊಡ ಕೈಯಲ್ಲಿ ಹಿಡಿದು, ತುಂಬಿದ್ದನ್ನು ಸೊಂಟಕ್ಕಿಟ್ಟುಕೊಂಡು ಗೇಟು ದಾಟಿದಳು.

ಮಶೀನು ಪೀ ಎಂದಿತು. ನೂರಾ ಇಪ್ಪತ್ತಾರು. ನಾನು ಪೆನ್ಸಿಲ್ ಚೂಪು ಮಾಡಿಕೊಂಡು ಹೋಗಿ ಚುಕ್ಕೆ ಇಟ್ಟೆ.